ನಾಯಿಗೆ ಹಾಕುವ ಮೂಳೆ: ಬೆಂದಾಗ ಏನಾಗುತ್ತದೆ?

ಯುಗಾದಿಯ ಮರುದಿನ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ವರ್ಷತೊಡಕಿನ ಬಾಡೂಟ. ಎಲೆಯಲ್ಲಿ ಉಳಿದ ಮೂಳೆಗಳು ಬಾಗಿಲಲ್ಲಿ ಕಾದಿರುವ ನಾಯಿಯ ಪಾಲು. ನಂಜನಗೂಡಿನ ನಮ್ಮ ಬೀದಿಯಲ್ಲಿ ಅಂಥದೊಂದು ಊಟದ ಮಾರನೆಯ ದಿನ ನೆರೆಮನೆಯ ನಾಯಿ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳತೊಡಗಿತು. ಎರಡು ದಿನ ಬಿಟ್ಟು ಎಕ್ಸ್-ರೇ ತೆಗೆಸಿದಾಗ ಅನ್ನನಾಳದಲ್ಲಿ ಕೋಳಿಕಾಲಿನ ಮೂಳೆಯ ಸೀಳೊಂದು ಅಡ್ಡವಾಗಿ ನಿಂತಿತ್ತು. ನಾಯಿ ಉಳಿಯಲಿಲ್ಲ. 'ನಾಯಿ ಮೂಳೆ ತಿನ್ನೋ ಪ್ರಾಣಿಯೇ ಅಲ್ವಾ ಸಾರ್?' ಎಂದು ಮನೆಯವರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಹಸಿ ಮೂಳೆಯೂ ಬೆಂದ ಮೂಳೆಯೂ ಒಂದೇ ವಸ್ತುವಲ್ಲ.

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಮತ್ತು ರಂಜಕವಿರುವ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನಿನ ನಾರು ಹಾಗೂ ನೀರು. ಖನಿಜ ಗಡಸುತನ ಕೊಟ್ಟರೆ ನಾರು ಜಿಗುಟು ಕೊಡುತ್ತದೆ. ನೀವೇ ಪರೀಕ್ಷಿಸಿ. ಕೋಳಿಕಾಲಿನ ಒಂದು ಮೂಳೆಯನ್ನು ವಿನಿಗರ್‌ನಲ್ಲಿ ನಾಲ್ಕೈದು ದಿನ ನೆನೆಹಾಕಿ. ಖನಿಜ ಕರಗಿ, ಮೂಳೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಸುಡಿ. ನಾರು ಉರಿದುಹೋಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಹಸಿ ಮೂಳೆಯಲ್ಲಿ ಬಿರುಕು ಹುಟ್ಟಿದರೆ ಅದರ ಎರಡು ದಡಗಳನ್ನು ನಾರುಗಳು ಹಿಡಿದುಕೊಂಡಿರುತ್ತವೆ. ಬಿರುಕು ಮುಂದೆ ಹೋಗಲು ಹೆಚ್ಚು ಶಕ್ತಿ ಬೇಕು. ಬೇಯಿಸಿದಾಗ ಕೊಲಾಜೆನ್ನಿನ ಸುರುಳಿಗಳು ಬಿಚ್ಚಿಕೊಂಡು, ಸ್ವಲ್ಪ ಭಾಗ ಜಿಲಟಿನ್ ಆಗಿ ನೀರಿಗೆ ಇಳಿಯುತ್ತದೆ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗಿ ಅಲುಗಾಡುವುದು ಇದರಿಂದಲೇ. ಪ್ರೆಷರ್ ಕುಕ್ಕರಿನ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕೆಲಸ ಇನ್ನೂ ಚುರುಕು. ಕಪಿಲೆಯ ಕೆಳಹರಿವಿನ ತಿ. ನರಸೀಪುರದಲ್ಲಿ 1960ರ ಸುಮಾರಿಗೆ ನಡೆದ ಉತ್ಖನನದಲ್ಲಿ ನವಶಿಲಾಯುಗದ ಮನುಷ್ಯರ ಅಸ್ಥಿಗಳು ದೊರೆತವು. ಅಷ್ಟು ಹಳೆಯ ಮೂಳೆಗಳು ಪೆಡಸಾಗುವುದೂ ಮಣ್ಣಿನಲ್ಲಿ ನಾರು ನಶಿಸುವುದರಿಂದಲೇ. ಮಣ್ಣು ನಿಧಾನವಾಗಿ ಮಾಡುವುದನ್ನು ಒಲೆ ಬೇಗ ಮಾಡುತ್ತದೆ.

ಕೋಳಿಯ ಕಾಲುಮೂಳೆ ತೆಳುಗೋಡೆಯ ಕೊಳವೆ. ಬೆಂದದ್ದು ಉದ್ದಕ್ಕೆ ಸೀಳಿ ಭರ್ಜಿಯಂಥ ಚೂರುಗಳಾಗುತ್ತದೆ. ಚೂರಿನ ಮೊನೆ 0.1 ಚದರ ಮಿಲಿಮೀಟರ್ ಎಂದುಕೊಳ್ಳಿ. ಅದರ ಮೇಲೆ 100 ಗ್ರಾಂ ತೂಕದಷ್ಟು ಬಲ ಬಿದ್ದರೂ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನೂರರಷ್ಟು! ಕರುಳಿನ ಗೋಡೆ ತಡೆದೀತೇ?

ಹಾಗಾದರೆ ಹಸಿ ಮೂಳೆ ನಿರಪಾಯವೇ? ಪೂರ್ತಿ ಅಲ್ಲ. ಅದರಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು; ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಅಪಾಯ. ದನದ ತೊಡೆಮೂಳೆ ಕಡಿದ ನಾಯಿಯ ದವಡೆಹಲ್ಲು ಸೀಳುವುದುಂಟು. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ, ನಾಯಿಗೆ ಮೂಳೆ ಕೊಡುವುದೇ ಬೇಡ ಎಂದು ಸಲಹೆ ನೀಡಿತು. ಕೊಡಲೇಬೇಕೆನ್ನುವವರು ನಾಯಿಯ ಮೂತಿಗಿಂತ ದೊಡ್ಡದಾದ ಹಸಿ ಮೂಳೆಯನ್ನು ಕೊಟ್ಟು ಎದುರಲ್ಲೇ ಕುಳಿತು ನೋಡಬೇಕು. ಹತ್ತು ಹದಿನೈದು ನಿಮಿಷ ಕಡಿದ ಮೇಲೆ, ನುಂಗುವಷ್ಟು ಚಿಕ್ಕದಾಗುವ ಮೊದಲೇ, ತೆಗೆದುಬಿಡಬೇಕು. ಗಬಗಬನೆ ನುಂಗುವ ನಾಯಿಗೆ ಇದೂ ಸಲ್ಲದು.

ನನ್ನ ಮಟ್ಟಿಗೆ ಹೇಳುವುದಾದರೆ, ಮೂಳೆ ಬಿಡಿಸಿದ ಮಾಂಸದ ಚೂರನ್ನು ರಾಗಿ ಮುದ್ದೆಯೊಂದಿಗೆ ಕಲಸಿ ಹಾಕುವುದೇ ಲೇಸು. ಆದರೆ ಸಾರು ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿ ಮೂಳೆ ನುಂಗಿ ಓಕರಿಸುತ್ತಿದ್ದರೆ, ಆಹಾರ ಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೇಲೆ ಬರುವಾಗಲೂ ಚೂರು ಚುಚ್ಚುತ್ತದೆ. ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಿರಿ. ಎಲೆಯ ಮೇಲಿನ ಮೂಳೆಗಳನ್ನು ತಿಪ್ಪೆಗೆ ಎಸೆದರೆ ಬೀದಿನಾಯಿಗೆ ಸಿಗುತ್ತವೆ. ತೆಂಗಿನ ಮರದ ಬುಡದಿಂದ ಸ್ವಲ್ಪ ದೂರದಲ್ಲಿ ಎರಡಡಿ ಗುಂಡಿ ತೋಡಿ ಮುಚ್ಚಿ, ಮೇಲೊಂದು ಕಲ್ಲಿಡಿ. ಅದರಲ್ಲಿರುವ ರಂಜಕ ನಿಧಾನವಾಗಿ ಮರಕ್ಕೆ ಸೇರುತ್ತದೆ.