ಕೇಳಿ ತೆಗೆದ ಮುಖಗಳು

ಬೀದಿಯಲ್ಲಿ ಎದುರಾದವರನ್ನು ಮಾತಾಡಿಸಿ, ಒಪ್ಪಿಗೆ ಪಡೆದು, ಅವರು ಇದ್ದಲ್ಲೇ ಭಾವಚಿತ್ರ ತೆಗೆಯುವ ಕಲೆಗೆ ಕ್ಯಾಮೆರಾಗಿಂತ ಊರು ಮುಖ್ಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಇಲ್ಲಿ ದುಡಿಮೆ ಇನ್ನೂ ಬಾಗಿಲ ಬಳಿಯೇ ನಡೆಯುತ್ತದೆ. ಬನಹಟ್ಟಿಯ ನೇಕಾರರ ಓಣಿಯನ್ನೇ ನೋಡಿ. ಒಳಗೆ ಮಗ್ಗ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ನೇಕಾರ ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನಿಂತರೆ ಎದುರಿನ ಗೋಡೆಗೆ ಬಡಿದು ಬಂದ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ, ಬೆನ್ನ ಹಿಂದಿನ ಕತ್ತಲೇ ಪರದೆಯಾಗುತ್ತದೆ. 50 ಎಂಎಂ ಲೆನ್ಸ್ ಹಿಡಿದು ಒಂದು ಮಾರು ದೂರ ನಿಂತರೆ ಹುಬ್ಬಿಗೆ ಅಂಟಿದ ನೂಲಿನ ಧೂಳೂ ಕಾಣುತ್ತದೆ. ಯಾವ ಸ್ಟುಡಿಯೊದವರೂ ಇದಕ್ಕೆ ಬಾಡಿಗೆ ಕೇಳುವುದಿಲ್ಲ.

ಕೇಳಿ ತೆಗೆದರೆ ಸಹಜತೆ ಕೆಡುತ್ತದೆ ಎಂಬುದು ಹಳೆಯ ಆಕ್ಷೇಪ. ಫ್ರಾನ್ಸಿನ ಛಾಯಾಗ್ರಾಹಕ ಕಾರ್ತಿಯೆ-ಬ್ರೆಸೋ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳನ್ನು ಕಪ್ಪಾಗಿಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಚಿತ್ರ ತೆಗೆಯುತ್ತಿದ್ದರು. ಅದು ಕ್ಷಣವನ್ನು ಹಿಡಿಯುವ ದಾರಿ. ಭಾವಚಿತ್ರದ ದಾರಿ ಬೇರೆ. ಜರ್ಮನಿಯ ಆಗಸ್ಟ್ ಸ್ಯಾಂಡರ್ 1929ರಲ್ಲಿ 60 ಭಾವಚಿತ್ರಗಳ ಪುಸ್ತಕ ತಂದರು. ರೈತರು, ಕೂಲಿಗಳು, ಅಡುಗೆಯವರು ನೆಟ್ಟಗೆ ನಿಂತು ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ. ಸಹಜವಲ್ಲ ನಿಜ, ಆದರೆ ತಾವು ಹೇಗೆ ಕಾಣಬೇಕೆಂದು ಅವರೇ ನಿರ್ಧರಿಸಿದ್ದಾರೆ. ಮುಧೋಳದ ಸಂತೆಯಲ್ಲಿ "ಒಂದ್ ಫೋಟೊ ತಗೀಲ್ರಿ ಕಾಕಾ?" ಎಂದರೆ "ತಡೀರಿ, ಪಟಗಾ ಸರಿ ಮಾಡ್ಕೋತೀನಿ" ಎನ್ನುವ ಹಿರಿಯನದೂ ಅದೇ ಹಕ್ಕು. ಪಟಗಾ ಸರಿಪಡಿಸುವ ಆ ಕೈಯನ್ನು ಬಿಟ್ಟು ಬರೀ ಮುಖ ತೆಗೆಯುವವನು ಅರ್ಧ ಚಿತ್ರ ಕಳೆದುಕೊಂಡಂತೆ. ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು, ಅಷ್ಟೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸುಕ್ಕುಗಟ್ಟಿದ ಮುಖ, ಹರಕು ಅಂಗಿಗಳನ್ನು ಹುಡುಕಿ ತೆಗೆದು ಬಡತನವನ್ನೇ ಅಲಂಕಾರ ಮಾಡುತ್ತಾರೆ ಎಂಬುದು. ಸ್ಪರ್ಧೆಗಳಿಗೆ ಹೋಗುವ ಎಷ್ಟೋ ಚಿತ್ರಗಳ ಮಟ್ಟಿಗೆ ಇದು ಸತ್ಯ. ಹಿನ್ನೆಲೆಯನ್ನೆಲ್ಲ ಮಸುಕುಗೊಳಿಸಿ ಸುಕ್ಕುಗಳನ್ನಷ್ಟೇ ಎತ್ತಿ ತೋರಿಸಿದರೆ ಕಬ್ಬು ಕಡಿಯುವವನಿಗೂ ಮಗ್ಗ ಹೊಡೆಯುವವನಿಗೂ ವ್ಯತ್ಯಾಸವೇ ಉಳಿಯದು. ಆದ್ದರಿಂದ ಅಪರ್ಚರ್ ಕಿರಿದು ಮಾಡಿ ಕುಡಗೋಲು, ಲಾಳಿ, ಓಣಿ ಎಲ್ಲ ಕಾಣುವಂತೆ ತೆಗೆಯಬೇಕು. ಚಿತ್ರದ ಕೆಳಗೆ ಅವರು ಹೇಳಿದಂತೆಯೇ ಕಸುಬು ಬರೆಯಬೇಕು. ಒಂದು ಪ್ರತಿ ಅವರ ಮನೆಗೆ ಮುಟ್ಟಬೇಕು. ಬೀಳಗಿ ಸೀಮೆಯಲ್ಲಂತೂ ಇದು ಬರೀ ಸೌಜನ್ಯದ ಮಾತಲ್ಲ. ಆಲಮಟ್ಟಿ ಹಿನ್ನೀರಿಗೆ ಇಲ್ಲಿನ ಹಲವು ಹಳ್ಳಿಗಳು ಆಗಲೇ ಮುಳುಗಿವೆ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಇನ್ನಷ್ಟು ಮುಳುಗಲಿವೆ. ಹಿಂದಿನ ಕಟ್ಟೆ, ಗುಡಿ, ತಲಬಾಗಿಲು ಸ್ಪಷ್ಟವಾಗಿರುವ ಚಿತ್ರವೊಂದು ಪುನರ್ವಸತಿ ಕೇಂದ್ರದ ಮನೆಯ ಗೋಡೆಗೆ ಬಂದರೆ, ಮುಖದ ಜೊತೆಗೆ ವಿಳಾಸವೂ ಬಂದಿರುತ್ತದೆ.