ಹೆಗಲ ಮೇಲೊಂದು ಕೈ

ರೋಗಿಯ ಕೈ ಕುಲುಕುವುದು ವೈದ್ಯಶಾಸ್ತ್ರದಲ್ಲಿ ಹೇಳಿದ ಚಿಕಿತ್ಸೆಯಲ್ಲ. ಅದರಲ್ಲೂ ಕುಷ್ಠರೋಗಿಯ ಕೈಯನ್ನು ಮುಟ್ಟುವವರಾದರೂ ಯಾರು? 1947ರಲ್ಲಿ ಮದರಾಸಿನ ಸಮೀಪದ ಚೆಂಗಲ್ಪಟ್ಟಿನ ಕುಷ್ಠಾಶ್ರಮಕ್ಕೆ ಹೋಗಿದ್ದ ವೆಲ್ಲೂರು ಕ್ರೈಸ್ತ ವೈದ್ಯಕೀಯ ಕಾಲೇಜಿನ ತರುಣ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಮುಟ್ಟಿದರು. ಹದ್ದಿನ ಉಗುರಿನಂತೆ ಬೆರಳು ಮುದುಡಿದ್ದ ರೋಗಿಯೊಬ್ಬನ ಕೈಯೊಳಗೆ ತಮ್ಮ ಕೈಯಿಟ್ಟು, ಆದಷ್ಟು ಬಲವಾಗಿ ಹಿಸುಕುವಂತೆ ಹೇಳಿದರು. ಆತ ಹಿಸುಕಿದ. ವೈದ್ಯರೇ ನೋವಿನಿಂದ ಕೂಗಿಕೊಂಡರು! ನಿಷ್ಪ್ರಯೋಜಕವೆಂದು ಬಿಟ್ಟಿದ್ದ ಆ ಕೈಯಲ್ಲಿ ಸಶಕ್ತವಾದ ಮಾಂಸಖಂಡಗಳು ಉಳಿದಿದ್ದವು. ಅವುಗಳ ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ ಬೆರಳುಗಳನ್ನು ಆಡಿಸುವ ಶಸ್ತ್ರಕ್ರಿಯೆ ಮರುವರ್ಷವೇ ವೆಲ್ಲೂರಿನಲ್ಲಿ ಆರಂಭವಾಯಿತು.

ಮತ್ತೊಮ್ಮೆ ಅವರು ರೋಗಿಯೊಬ್ಬನ ಹೆಗಲ ಮೇಲೆ ಕೈಯಿರಿಸಿ, ಮುಂದಿನ ಚಿಕಿತ್ಸೆಯನ್ನು ವಿವರಿಸುತ್ತಿದ್ದರಂತೆ. ಆತ ಬಿಕ್ಕಿಬಿಕ್ಕಿ ಅಳತೊಡಗಿದ. ತಾವೇನಾದರೂ ತಪ್ಪಾಡಿದೆವೋ ಎಂದು ವೈದ್ಯರಿಗೆ ಗಾಬರಿ. ಜೊತೆಯಲ್ಲಿದ್ದವರು ಕೇಳಿ ತಿಳಿಸಿದರು: ಎಷ್ಟೋ ವರ್ಷಗಳಿಂದ ಆತನನ್ನು ಯಾರೂ ಮುಟ್ಟಿರಲಿಲ್ಲ.

ಈ ರೋಗದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ. ನರಗಳು ಜಡವಾಗಿ ನೋವೇ ತಿಳಿಯದ್ದರಿಂದ ಸುಟ್ಟಗಾಯ, ಕೊಯ್ದಗಾಯಗಳು ಅವನ್ನು ಸವೆಸುತ್ತವೆ. ಇಷ್ಟಾಗಿಯೂ ಕೆಲವರ ಬೆರಳ ತುದಿ ರಾತ್ರಿ ಕಳೆಯುವುದರೊಳಗೆ ಮಾಯವಾಗುತ್ತಿತ್ತು! ಕಾವಲಿದ್ದು ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಇಲಿ. ಮಲಗಿದವನ ಬೆರಳನ್ನು ಅದು ಕಡಿಯುತ್ತಿದ್ದರೂ ಆತನಿಗೆ ಎಚ್ಚರವಾಗುತ್ತಿರಲಿಲ್ಲ.

ಅಂದಿನಿಂದ, ಚಿಕಿತ್ಸೆ ಮುಗಿಸಿ ಊರಿಗೆ ಹೊರಟ ರೋಗಿಯ ಕಂಕುಳಲ್ಲಿ ಆಸ್ಪತ್ರೆಯವರು ಕೊಟ್ಟ ಒಂದು ಬೆಕ್ಕೂ ಇರುತ್ತಿತ್ತು.