ಹುಲ್ಲಿಗೆ ಕಾರ್ಖಾನೆ ನೀರು: ಲಾಭವೋ, ಲುಕ್ಸಾನೋ?

ನಿಟ್ಟೂರು: ಬಚ್ಚಲ ನೀರು ಬಾಳೆ ಬುಡಕ್ಕೆ, ಕಲಗಚ್ಚು ಹಸುವಿನ ಬಾನಿಗೆ. ಈ ಸೀಮೆಯ ಮನೆಗಳಲ್ಲಿ ನೀರು ದಂಡವಾಗುವುದಿಲ್ಲ. ಹಾಗಿದ್ದ ಮೇಲೆ ಕಾರ್ಖಾನೆಯವರು ಹೊರಗೆ ಬಿಡೋ ನೀರು ಮಾತ್ರ ಯಾಕೆ ದಂಡವಾಗಬೇಕು? ಹುಲ್ಲಿಗೆ ಹಾಯಿಸಿದರೆ ಆಯ್ತಲ್ಲ?

ಪ್ರಶ್ನೆ ದಡ್ಡತನದ್ದಲ್ಲ. ಬೋರ್‌ವೆಲ್ ನೀರು ಇಲ್ಲಿ ಮೊದಲು ತೆಂಗು, ಅಡಿಕೆಗೆ. ಉಳಿದರೆ ಹುಲ್ಲಿಗೆ. ಬೇಸಿಗೆಯಲ್ಲಿ ಹಸಿ ಮೇವು ತಪ್ಪಿದರೆ ಹಾಲು ಇಳೀತದೆ, ಡೇರಿ ಬಟವಾಡೆ ಇಳೀತದೆ, ಅಂಗಡಿಯ ಸಾಲದ ಪುಸ್ತಕ ಮಾತ್ರ ದಪ್ಪವಾಗ್ತದೆ.

ಸೀಮೆಹುಲ್ಲಿಗೆ ನೀರು, ಗೊಬ್ಬರ ಎರಡರ ಹಸಿವೂ ಜಾಸ್ತಿ. ನೆಟ್ಟ 75 ದಿನದ ಆಸುಪಾಸಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು. ನೀರಿನಲ್ಲಿರುವ ಸಾರಜನಕ, ರಂಜಕವನ್ನು ಹೀರಿ ಮೇವಾಗಿ ಕೊಡುತ್ತದೆ.

ಗುಬ್ಬಿ ಬಸ್ಸಿನಲ್ಲಿ ಓಡಾಡುವವರು ಮಲ್ಲಸಂದ್ರದ ಹಾಲಿನ ಡೇರಿಯನ್ನು ದಿನಾ ನೋಡುತ್ತಾರೆ. ಯಾವ ಡೇರಿಯಾದರೂ ಕ್ಯಾನು, ಪೈಪು, ಟ್ಯಾಂಕು ತೊಳೆಯಲೇಬೇಕು. ಒಂದು ಲೀಟರ್ ಹಾಲಿಗೆ 3 ಲೀಟರಿಗಿಂತ ಹೆಚ್ಚು ಕೊಳಕು ನೀರು ಬರಬಾರದೆಂದು ಪರಿಸರ ನಿಯಮ ಹೇಳುತ್ತದೆ. ಅದರಲ್ಲಿ ಹಾಲಿನ ಅಂಶವಿದೆ, ಅಂದರೆ ಗೊಬ್ಬರವಿದೆ. ಜೊತೆಗೆ ತೊಳೆಯುವ ಸೋಡಾವೂ ಇದೆ. ಸೋಡಾ ಹೆಚ್ಚಾದರೆ ಭೂಮಿ ಬಿಗಿದು ಚೌಳಾಗುತ್ತದೆ. ಆದ್ದರಿಂದ ಶುದ್ಧೀಕರಿಸಿಯೇ ಬಿಡಬೇಕು. ಹೊಲಕ್ಕೆ ಹಾಯಿಸುವ ನೀರಿನಲ್ಲಿ, ಕೊಳೆಯುವ ಕಸವನ್ನು ಅಳೆಯುವ ಬಿ.ಓ.ಡಿ. ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಜಿಡ್ಡು 10 ಮಿಲಿಗ್ರಾಂ ದಾಟಬಾರದು.

ಅಳತೆ ತಪ್ಪಿದರೂ ಕಷ್ಟ. ಹುಲ್ಲು ಹೀರಿ ಉಳಿದದ್ದು ಅಂತರ್ಜಲಕ್ಕೆ ಇಳಿಯುತ್ತದೆ. ಹುಲ್ಲಿನಲ್ಲೇ ನೈಟ್ರೇಟ್ ಕೂಡಿಕೊಂಡರೆ ತಿಂದ ಹಸುವಿಗೇ ವಿಷ.

ಡೇರಿ ನೀರಿನಲ್ಲಿ ಏನಿದೆಯೆಂದಾದರೂ ಗೊತ್ತು. ಹತ್ತಾರು ಕಾರ್ಖಾನೆಯ ನೀರು ಒಂದೇ ಮೋರಿಗೆ ಬಿದ್ದರೆ ಯಾರನ್ನು ಕೇಳೋದು? ಅದಕ್ಕೆ ಬಿಡದಿ ಬಳಿಯ ಬೈರಮಂಗಲ ಕೆರೆಯೇ ಸಾಕ್ಷಿ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ಕೊಳೆಯೆಲ್ಲ ವೃಷಭಾವತಿಯಲ್ಲಿ ಹರಿದು ಅಲ್ಲಿಗೆ ಸೇರುತ್ತದೆ. ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ರೈತರು ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್‌ಗೆ ತಿರುಗಿದರು. ಹುಲ್ಲು ಹುಲುಸಾಗಿ ಬಂತು, ಹಸುಗಳು ಹೆಚ್ಚಿದವು, ಕೈಗೆ ಕಾಸೂ ಬಂತು. ಆದರೆ ನೊರೆ ಬಂತು, ನಾತ ಬಂತು, ಬಾವಿ ನೀರು ಕೆಟ್ಟಿತು. ಸೀಸ, ಕ್ರೋಮಿಯಂನಂಥ ಲೋಹಗಳು ಮಣ್ಣಿಗೂ ಬೆಳೆಗೂ ಸೇರಿದ್ದು ಪರೀಕ್ಷೆಯಲ್ಲಿ ಕಂಡಿತು. ಇವು ಕೊಳೆತು ಗೊಬ್ಬರವಾಗುವ ಜಾತಿಯಲ್ಲ. ಒಮ್ಮೆ ಹೊಲಕ್ಕೆ ಬಂದರೆ ಅಲ್ಲೇ ಠಿಕಾಣಿ.

ಕಾನೂನು ಇಲ್ಲವೆಂದಲ್ಲ. 1974ರ ಜಲ ಕಾಯ್ದೆ ಪ್ರಕಾರ ಕಾರ್ಖಾನೆ ನೀರನ್ನು ಭೂಮಿಗೆ ಬಿಡಲೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ನಾಳೆ ಯಾರಾದರೂ ‘ಪುಕ್ಕಟೆ ನೀರು, ತಗೊಳ್ರಪ್ಪ’ ಎಂದು ಹೊಲದ ಬದುವಿಗೆ ಪೈಪು ತಂದರೆ ರೈತ ಮೊದಲು ಕೇಳಬೇಕಾದ್ದು ಮೂರು: ಮಂಡಳಿಯ ಕಾಗದ ಎಲ್ಲಿ? ನೀರಿನ ಪರೀಕ್ಷೆ ವರದಿ ಎಲ್ಲಿ? ಎಕರೆಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ? ಉತ್ತರ ಬಂದರೆ ಮಣ್ಣು ಪರೀಕ್ಷೆ ಮಾಡಿಸಿ ಹಾಯಿಸಬಹುದು. ಬರದಿದ್ದರೆ ಪೈಪು ಸುತ್ತಿಕೊಂಡು ಹೋಗಲಿ.

ಇದು ಬರೀ ರೈತನ ಉಸಾಬರಿಯಲ್ಲ. ಹುಲ್ಲು ತಿಂದ ಹಸುವಿನ ಹಾಲು ಡೇರಿಗೆ ಹೋಗುತ್ತದೆ. ಮಾರನೇ ಬೆಳಗ್ಗೆ ಬಸ್‌ಸ್ಟ್ಯಾಂಡ್ ಹೋಟೆಲಿನ ಕಾಫಿ ಲೋಟಕ್ಕೆ ಬರುವುದೂ ಅದೇ ಹಾಲು.